ಉಪ್ಪು ಸ್ವಲ್ಪ ಜಾಸ್ತಿಯಾಯಿತು

ಮೊಟ್ಟೆಯವನು ಇವತ್ತೂ ಫಿಟ್ಟರನನ್ನು ಕಂಡ ಕೂಡಲೇ ಎರಡೂ ಮೊಣಕೈಗಳನ್ನು ಪಕ್ಕೆಗೆ ಬಡಿದು ಕೋಳಿಯಂತೆ ಒಮ್ಮೆ ಕೂಗಿದ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಒಬ್ಬಿಬ್ಬರು ನಕ್ಕರು. ಫಿಟ್ಟರ್ ತಾನೂ ನಗಬೇಕಲ್ಲ ಎಂದು ಹಲ್ಲು ಕಾಣಿಸಿದ. ತಪ್ಪು ಅವನದೇ. ಪರದೇಶದ ಈ ಹೋಟೆಲಿಗೆ ಬಂದ ಮೊದಲ ಬೆಳಿಗ್ಗೆ ಆಮ್ಲೆಟ್ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ಈ ದಪ್ಪ ಮನುಷ್ಯನಿಗೆ ತಿಳಿಯದೆ, ಹಿಂದೆ ಸಾಲು ಬೆಳೆಯುತ್ತಿದ್ದುದನ್ನು ನೋಡಿ ಗಾಬರಿಯಾಗಿ, ಇವನೇ ರೆಕ್ಕೆ ಬಡಿದು ಕೊಕ್ಕೊಕ್ಕೋ ಎಂದು ತೋರಿಸಿದ್ದ. ಅಂದಿನಿಂದ ಅದೇ ಇವನ ಗುರುತಾಗಿತ್ತು. ಮಾಡಿದ್ದುಣ್ಣೋ ಮಹರಾಯ. ಆ ಕತೆಯನ್ನು ಫೋನಿನಲ್ಲಿ ಹೇಳಿದಾಗ ಹೆಂಡತಿ ನಕ್ಕು ನಕ್ಕು ಕೆಮ್ಮು ಹತ್ತಿ, ಕೆಮ್ಮು ನಿಲ್ಲದೆ, "ಇರಿ, ನೀರು ಕುಡೀತೀನಿ" ಎಂದು ಹೋದವಳು ತುಂಬ ಹೊತ್ತು ಬಂದಿರಲಿಲ್ಲ. ಅವಳನ್ನು ಅಷ್ಟು ನಗಿಸಿದೆನಲ್ಲ ಎಂದು ಅವನು ಆ ದಿನವೆಲ್ಲ ಹಿಗ್ಗಿದ್ದ.

ಮೊಟ್ಟೆಯವನು ಗಾಜಿನ ಬಟ್ಟಲಿಗೆ ಮೊಟ್ಟೆ ಒಡೆದು ಹಾಕಿ ಕಲಕತೊಡಗಿದ. ಒದ್ದೆಯಾದ, ಭಾರವಾದ ಸದ್ದು. ಮೊಟ್ಟೆಗೆ ಅದರದೇ ಒಂದು ಎಳೆತವಿದೆ. ಚಮಚವನ್ನು ಅದು ಹಿಂದಕ್ಕೆ ಜಗ್ಗುತ್ತದೆ, ಬಟ್ಟಲಿನ ಅಂಚಿಗೆ ತಗಲುವ ಹೊತ್ತಿಗೆ ಏಟಿನ ಬಿರುಸು ಅರ್ಧ ಹೋಗಿರುತ್ತದೆ. ಫಿಟ್ಟರ್ ಅದನ್ನೇ ಕೇಳುತ್ತ ನಿಂತ. ಕೆಲವು ದಿನಗಳಿಂದ ಅವನ ಕಿವಿಯಲ್ಲಿ ಬೇರೊಂದು ಸದ್ದು ಕೂತಿತ್ತು, ಅಂಗಾಲಿಗೆ ಹೊಕ್ಕ ಸಣ್ಣ ಮುಳ್ಳಿನ ಹಾಗೆ. ನಿನ್ನೆಯೂ ಫೋನಿನಲ್ಲಿ ಅವಳು ಮೊಟ್ಟೆ ಕಲಕಿದ್ದು ಹೀಗೆ ಕೇಳಿಸಿರಲಿಲ್ಲ. ಅದು ಒಣ ಸದ್ದು. ಬಟ್ಟಲು ಬದಲಾಯಿಸಿದೆಯಾ ಎಂದು ಅವನು ಕೇಳಿಯೂ ಇದ್ದ. "ಹೂಂ ರೀ, ಹಳೇದು ಸೀಳು ಬಿಟ್ಟಿತ್ತು" ಎಂದಿದ್ದಳು. ಅಷ್ಟಕ್ಕೆ ಅವನು ಸುಮ್ಮನಾದ. ಬಟ್ಟಲು ಬದಲಾದರೆ ಸದ್ದು ಬದಲಾಗುವುದು ಸಹಜವೇ. ಆದರೆ ಬಟ್ಟಲು ಬದಲಾದರೆ ಕೈಯೂ ಬದಲಾಗುತ್ತದೆಯೆ? ಅವಳು ನಾಲ್ಕು ಸಲ ಕಲಕಿ ಒಂದು ಕ್ಷಣ ನಿಲ್ಲುತ್ತಾಳೆ. ಮುಂಗೈಗೆ ಜಾರಿದ ಬಳೆಗಳನ್ನು ಎಡಗೈಯಿಂದ ಮೇಲಕ್ಕೆ ತಳ್ಳಿ ಮತ್ತೆ ನಾಲ್ಕು. ಕಡೆಗೆ ಚಮಚವನ್ನು ಅಂಚಿಗೆ ಎರಡು ಸಲ ತಟ್ಟುತ್ತಾಳೆ, ಟಕ್, ಟಕ್. ಆಮೇಲೆ ಬಾಣಲೆಯ ಚುಂಯ್. ನಿನ್ನೆಯದು ನಡುವೆ ಎಲ್ಲೂ ನಿಲ್ಲದೆ, ಮೋಟಾರು ತಿರುಗಿದ ಹಾಗೆ ಒಂದೇ ಸಮ ಇತ್ತು.

ಅವನ ಕಂಪನಿ ಬಾಟಲಿ ತುಂಬುವ ಮೆಷಿನುಗಳನ್ನು ಮಾಡಿ ದೇಶದೇಶಕ್ಕೆ ಕಳಿಸುತ್ತದೆ. ಮೆಷಿನಿನ ಹಿಂದೆ ಇವನು ಹೋಗಬೇಕು. ಬಿಡಿಭಾಗಗಳನ್ನು ಜೋಡಿಸಿ, ಓಡಿಸಿ, ಅಲ್ಲಿಯವರ ಕೈಗೆ ಒಪ್ಪಿಸಿ ಬರಬೇಕು. "ಮಗಳನ್ನ ಗಂಡನ ಮನೆಗೆ ಬಿಟ್ಟು ಬರೋಕೆ ಹೋಗೋ ಸೋದರಮಾವ ನೀವು" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಎಲ್ಲಿಗೆ ಹೋದರೂ ಬೆಳಗಿನ ತಿಂಡಿಗೆ ಅವನು ಕೇಳುವುದು ಆಮ್ಲೆಟ್ ಒಂದನ್ನೇ. ಮಿಕ್ಕದ್ದರ ಮೇಲೆ ಅವನಿಗೆ ನಂಬಿಕೆಯಿಲ್ಲ; ಮೊಟ್ಟೆಯಾದರೆ ಒಳಗೇನಿದೆ ಎಂದು ಗೊತ್ತು. ಆದರೆ ಮೊದಲನೆಯ ದೇಶದಲ್ಲೇ ಅದಕ್ಕೆ ಸಕ್ಕರೆ ಹಾಕಿ ಹಾಸಿಗೆ ಸುತ್ತಿದ ಹಾಗೆ ಸುತ್ತಿ ಕೊಟ್ಟರು. ಮುಖ ಸಣ್ಣ ಮಾಡಿಕೊಂಡು ಮನೆಗೆ ಫೋನ್ ಮಾಡಿದ್ದ. "ಸಕ್ಕರೇನಾ? ಮೊಟ್ಟೆಗಾ?" ಎಂದ ಹೆಂಡತಿ ಫೋನನ್ನು ಒಲೆಯ ಪಕ್ಕದ ಹಲಗೆಯ ಮೇಲಿಟ್ಟು, "ಇರಿ, ನೋಡೇಬಿಡ್ತೀನಿ" ಎಂದು ಅಲ್ಲೇ ಮೊಟ್ಟೆ ಒಡೆದಳು. ಅಲ್ಲಿಂದ ಅದೊಂದು ಪದ್ಧತಿಯಾಯಿತು. ಇವನು ತಿನ್ನುತ್ತ ಹೇಳುವುದು, ಅವಳು ಕೇಳುತ್ತ ಮಾಡುವುದು. ಇಲ್ಲಿ ಬೆಳಗಾದಾಗ ಅಲ್ಲಿ ಮಧ್ಯಾಹ್ನವೋ ಸಂಜೆಯೋ ಆಗಿರಲಿ, ಅವಳು ಒಲೆ ಹಚ್ಚುತ್ತಿದ್ದಳು. ಒಂದು ಚಳಿಯ ಊರಿನಲ್ಲಿ ಆಲೂಗಡ್ಡೆ ತುಂಬಿ ಇಟ್ಟಿಗೆಯಷ್ಟು ದಪ್ಪ ಮಾಡಿ ಕತ್ತರಿಸಿ ಕೊಟ್ಟರು. ಇನ್ನೊಂದು ಊರಿನಲ್ಲಿ ಕಲೆಯೇ ಇಲ್ಲದೆ ಬೆಳ್ಳಗಿತ್ತು, ಮುರಿದರೆ ಒಳಗೆ ಬೆಂದೇ ಇರಲಿಲ್ಲ. "ಮೇಲೆ ಇಸ್ತ್ರಿ, ಒಳಗೆ ಒದ್ದೆ ಬಟ್ಟೆ ಅನ್ನಿ" ಎಂದು ಅವಳೇ ಅದಕ್ಕೆ ಮಾತು ಹುಡುಕಿದಳು. ಬಂದರಿನ ಊರೊಂದರಲ್ಲಿ ಮೊಟ್ಟೆಗಿಂತ ಸೊಪ್ಪೇ ಹೆಚ್ಚಾಗಿ, ದನ ತಿನ್ನಬೇಕಾದ್ದನ್ನು ನಾನು ತಿನ್ನುತ್ತಿದ್ದೇನೆ ಎಂದು ಇವನು ಗೊಣಗಿದ್ದ. ಇವನಿಗೆ ವರ್ಣಿಸಲು ಬರುತ್ತಿರಲಿಲ್ಲ. ಅಂಚು ಗ್ಯಾಸ್ಕೆಟ್ ಥರ ಇದೆ ಎನ್ನುತ್ತಿದ್ದ, ವಾಷರ್ ಥರ ಇದೆ ಎನ್ನುತ್ತಿದ್ದ. "ಗ್ಯಾಸ್ಕೆಟ್ ಅಂದ್ರೆ ನನಗೇನ್ರೀ ಗೊತ್ತು? ಚಪ್ಪಲಿ ಅನ್ನಿ, ಕಂಬಳಿ ಅನ್ನಿ, ಅರ್ಥ ಆಗತ್ತೆ" ಎಂದು ಅವಳು ರೇಗುತ್ತಿದ್ದಳು. ಊರಿಗೆ ಮರಳಿದ ಮೇಲೆ, ಇದು ಆ ದೇಶದ್ದು, ಇದು ಈ ದೇಶದ್ದು ಎಂದು ಮಾಡಿ ಬಡಿಸುತ್ತಿದ್ದಳು. ಯಾವ ದೇಶದ್ದೂ ಆ ದೇಶದ ಹಾಗಿರುತ್ತಿರಲಿಲ್ಲ. ಎಲ್ಲ ಅವಳದೇ ರುಚಿಗೆ ಬಂದು ನಿಲ್ಲುತ್ತಿತ್ತು. ಅದೇ ಥರ ಇದೆ ಎಂದು ಇವನು ಹೇಳಿದರೆ, "ಸುಳ್ಳು ಹೇಳ್ಬೇಡಿ, ನಾಲಿಗೆ ಬಿದ್ದೋಗತ್ತೆ" ಎನ್ನುವಳು. "ಕೋಳಿ ಎಲ್ಲಾ ಕಡೆ ಒಂದೇ ಥರ ಇಡತ್ತೆ. ಒಡೆಯೋ ಕೈ ಬೇರೆ, ಅಷ್ಟೆ." ಮುಖ ಕಾಣುವ ಫೋನ್ ಬಂದ ಮೇಲೂ ಅವಳು ಅದಕ್ಕೆ ಒಪ್ಪಲಿಲ್ಲ. ಮುಖ ನೋಡುತ್ತ ಕೂತರೆ ಮೊಟ್ಟೆ ಸೀದುಹೋಗುತ್ತದೆ ಎಂಬುದು ಅವಳ ವಾದ.

ತಟ್ಟೆಯನ್ನು ಕಿಟಕಿಯ ಪಕ್ಕದ ಮೇಜಿಗೆ ತಂದಿಟ್ಟು ಕೂತು ಫೋನ್ ಹಚ್ಚಿದ. ಇಲ್ಲಿಯ ಆಮ್ಲೆಟ್ಟಿಗೆ ಮೊಟ್ಟೆಯವನು ಕೊನೆಯಲ್ಲಿ ಸ್ವಲ್ಪ ಬೆಣ್ಣೆ ಸವರುತ್ತಾನೆ, ಮೂರು ಮಡಿಕೆ ಮಡಿಸುತ್ತಾನೆ, ಮೇಲೆ ಮೆಣಸಿನ ಪುಡಿ. ಇದನ್ನೆಲ್ಲ ಈಗಾಗಲೇ ಅನೇಕ ಸಲ ಹೇಳಿಯಾಗಿತ್ತು. ಆದರೂ ಇವತ್ತು ಬೆಣ್ಣೆ ಹೆಚ್ಚೋ ಕಡಿಮೆಯೋ, ಒಂದು ಮಾತು ಇದ್ದೇ ಇರುತ್ತದೆ. ಫೋನ್ ತುಂಬ ಹೊತ್ತು ಬಡಿದುಕೊಂಡಿತು. ಎತ್ತಿದ್ದು ಹೆಂಡತಿಯಲ್ಲ, ಬೇರೆ ಊರಿನಲ್ಲಿ ಸಂಸಾರ ಹೂಡಿರುವ ಮಗಳು.

"ಅಪ್ಪ."

"ನೀನ್ಯಾವಾಗ ಬಂದೆ? ಅಮ್ಮ ಎಲ್ಲಿ? ಒಲೆ ಹಚ್ಚಿದಾಳಾ?"

ಮಗಳ ಹಿಂದೆ ಯಾವುದೋ ಗಾಲಿ ಉರುಳಿಕೊಂಡು ಹೋಗುವ ಸದ್ದು ಕೇಳಿಸಿತು. ನಾಲ್ಕು ಗಾಲಿಗಳಲ್ಲಿ ಒಂದಕ್ಕೆ ಎಣ್ಣೆಯಿಲ್ಲ. ಎಣ್ಣೆ ಹಾಕಬಾರದೇ ಎಂದುಕೊಂಡ ಫಿಟ್ಟರ್, ನಮ್ಮ ಮನೆಯಲ್ಲಿ ಗಾಲಿ ಎಲ್ಲಿಂದ ಬಂತು ಎಂದು ಆಮೇಲೆ ಯೋಚಿಸಿದ.

"ಅಪ್ಪ, ನಾವು ಮನೇಲಿಲ್ಲ. ಆಸ್ಪತ್ರೇಲಿದೀವಿ. ನೀವು ಆ ಕಡೆ ಹೋಗಿ ಸ್ವಲ್ಪ ದಿನಕ್ಕೇ ಅಮ್ಮನ್ನ ಸೇರಿಸಿದ್ವಿ. ಗಂಟಲಲ್ಲಿ ಗಡ್ಡೆ. ಮೊದಲು ಅನ್ನ ಇಳೀತಿರಲಿಲ್ಲ, ಆಮೇಲೆ ನೀರೂ ಇಳೀಲಿಲ್ಲ. ಮೂಗಿಂದ ನಳಿಗೆ ಹಾಕಿದಾರೆ."

"ಏನ್ ಮಾತಾಡ್ತಿದೀಯ ನೀನು? ನಿನ್ನೆ ಮಾತಾಡಿದಾಳೆ ನನ್ನ ಹತ್ರ. ಆಮ್ಲೆಟ್ ಮಾಡ್ಕೊಂಡು ತಿಂದೆ ಅಂದ್ಲು. ಉಪ್ಪು ಸ್ವಲ್ಪ ಜಾಸ್ತಿ ಆಯ್ತು ಅಂದ್ಲು."

"ತಿಂದಿಲ್ಲ ಅಪ್ಪ. ಒಂದು ದಿನಾನೂ ತಿಂದಿಲ್ಲ. ದಿಂಬಿಗೆ ಒರಗಿ ಕೂತು ನಿಮ್ಮ ಹತ್ರ ಮಾತಾಡ್ತಿದ್ರು, ನಾನು ಪಕ್ಕದಲ್ಲಿ ನಿಂತು ಖಾಲಿ ಲೋಟಕ್ಕೆ ಚಮಚ ಬಡೀತಿದ್ದೆ. ನಿಲ್ಲಿಸಿದ್ರೆ ಕಣ್ಣಲ್ಲೇ ಬೈತಿದ್ರು." ಮಗಳು ಮೂಗೊರೆಸಿಕೊಂಡಳು. "ಚುಂಯ್ ಅನ್ನೋದನ್ನ ಬಾಯಲ್ಲೇ ಮಾಡ್ತಿದ್ದೆ. ನಿಮಗೆ ಗೊತ್ತಾಗಿಬಿಡತ್ತೆ ಅಂತ ದಿನಾ ಎದೆ ಹೊಡ್ಕೊಳ್ತಿತ್ತು."

ಗೊತ್ತಾಗಿರಲಿಲ್ಲ. ಮೇಜಿನ ಮೇಲೆ ಆಮ್ಲೆಟ್ ಬಿಸಿಯಾಗಿತ್ತು. ಬೆಣ್ಣೆ ಕರಗಿ ಮಡಿಕೆಯ ಸಂದಿಯಿಂದ ಇಳಿಯುತ್ತಿತ್ತು. ಅವನು ಅದನ್ನೇ ನೋಡುತ್ತ, ಡಾಕ್ಟರ್ ಏನಂತಾರೆ ಎಂದು ಕೇಳಿದ. ತನ್ನ ದನಿ ಪಕ್ಕದ ಮೇಜಿನಿಂದ ಬಂದ ಹಾಗಿತ್ತು.

"ರಾತ್ರಿಯಿಂದ ಉಸಿರಾಟ ಸರಿಯಿಲ್ಲ. ಮಾತು ನಿಂತೋಗಿದೆ. ಕಿವಿ ಕೇಳಿಸತ್ತಂತೆ. ಬರೋರಿದ್ರೆ ಬರಲಿ ಅಂದ್ರು." ಮಗಳು ದನಿ ತಗ್ಗಿಸಿದಳು, "ಅಮ್ಮಂಗೆ ನಾನು ನಿಮಗೆ ಹೇಳಿದೀನಿ ಅಂತ ಗೊತ್ತಿಲ್ಲ. ಗೊತ್ತಾಗ್ಬಾರದು ಅಪ್ಪ. ಮೆಷಿನ್ ಓಡೋವರೆಗೂ ಹೇಳಲ್ಲ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾರೆ. ಈಗ ನಿಮ್ಮ ಫೋನ್ ಬರೋ ಹೊತ್ತು ಅಂತ ಗಡಿಯಾರಾನೇ ನೋಡ್ತಿದಾರೆ. ಕೊಡ್ಲಾ? ಯಾವಾಗಿನ ಥರ ಮಾತಾಡ್ತೀರಾ?"

"ಈಗ ಬೇಡ," ಎಂದ ಫಿಟ್ಟರ್. "ನನ್ನ ದನಿ ಕೇಳಿದ್ರೆ ಗೊತ್ತಾಗಿಬಿಡತ್ತೆ. ಲೈನ್ ಸಿಗ್ತಿಲ್ಲ ಅಂತ ಹೇಳು. ಆಮೇಲೆ ಮಾಡ್ತೀನಿ."

ಫೋನ್ ಇಟ್ಟ ಮೇಲೆ ಅವನು ಮಾಡಿದ ಮೊದಲ ಕೆಲಸ ಎಂದರೆ ಉಪ್ಪಿನ ಡಬ್ಬಿಯನ್ನು ನೋಡಿದ್ದು. ಮೇಜಿನ ನಡುವೆ ಇತ್ತು, ಮುಚ್ಚಳದಲ್ಲಿ ಸಣ್ಣ ತೂತುಗಳು. ಸುಳ್ಳು ಹೇಳುವವರು ಚೆನ್ನಾಗಿತ್ತು ಎನ್ನುತ್ತಾರೆ, ರುಚಿಯಾಗಿತ್ತು ಎನ್ನುತ್ತಾರೆ. ಉಪ್ಪು ಸ್ವಲ್ಪ ಜಾಸ್ತಿಯಾಯಿತು ಎಂದು ಯಾರು ಹೇಳುತ್ತಾರೆ? ಮೂಗಿನಲ್ಲಿ ನಳಿಗೆ ಇಟ್ಟುಕೊಂಡು, ಇಲ್ಲದ ಮೊಟ್ಟೆಗೆ ಇಲ್ಲದ ಉಪ್ಪು ಹಾಕಿ, ಅದೂ ಕೈತಪ್ಪಿ ಹೆಚ್ಚಾಯಿತು ಎಂದು ಪೇಚಾಡಿಕೊಂಡಿದ್ದಳು. ಇವನು, "ಮುಂದಿನ ಸಲ ನೋಡಿ ಹಾಕು" ಎಂದು ಬುದ್ಧಿ ಬೇರೆ ಹೇಳಿದ್ದ. ಹೊರಡುವ ಹಿಂದಿನ ದಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ ಎಂದವಳಿಗೆ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು ಎಂದು ಹೇಳಿ ಸೂಟ್‌ಕೇಸಿನ ಬೀಗ ಹುಡುಕಿದ್ದ. ದಿನದಿನಕ್ಕೆ ಅವಳ ದನಿ ಒಡೆಯುತ್ತ ಬಂದಾಗ ಈ ದೇಶದ ಲೈನನ್ನು ಬೈದಿದ್ದ. ಇಷ್ಟು ವರ್ಷ, ಇಷ್ಟು ಊರುಗಳಿಂದ ಫೋನ್ ಮಾಡಿದ್ದಾನೆ. ಮೊಟ್ಟೆಯ ಹೊರತು ಇನ್ನೇನು ಮಾತಾಡಿದ್ದೇವೆ ಎಂದು ಎಷ್ಟು ತಡಕಿದರೂ ಒಂದೂ ನೆನಪಾಗಲಿಲ್ಲ. ಹೇಗಿದ್ದೀಯ ಎಂದು ಕೇಳಿದ್ದುಂಟೆ? ಹೇಗೆ ಬಂತು ಎಂದು ಕೇಳುತ್ತಿದ್ದ. ಅದಕ್ಕೆ ಅವಳು ಉತ್ತರ ಕೊಡುತ್ತಿದ್ದಳು. ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುವ ಹೆಂಗಸು ಅವಳು.

ಬಾಯಿಗೆ ಏನೂ ಹೋಗುವಂತಿರಲಿಲ್ಲ. ಆದರೆ ತಟ್ಟೆಯನ್ನು ಹಾಗೇ ಬಿಟ್ಟು ಏಳುವುದಕ್ಕೂ ಆಗಲಿಲ್ಲ. ಆಮೇಲೆ ಮಾಡ್ತೀನಿ ಎಂದಿದ್ದಾನೆ. ಮಾಡಿದಾಗ ಹೇಳಲು ಕೈಯಲ್ಲೊಂದು ಇರಬೇಕಲ್ಲ. ಯಾರೂ ನೋಡುತ್ತಿಲ್ಲ ಎಂದುಕೊಂಡು ಆಮ್ಲೆಟ್ಟನ್ನು ಕಾಗದದ ಕರವಸ್ತ್ರಗಳಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡ. ಮೊಟ್ಟೆಯವನು ನೋಡುತ್ತಿದ್ದ. ಈ ಸಲ ಅವನು ಕೋಳಿಯಂತೆ ಕೂಗಲಿಲ್ಲ, ಸಟ್ಟುಗ ಹಿಡಿದು ಸುಮ್ಮನೆ ನಿಂತಿದ್ದ. ಅದರಿಂದ ಇನ್ನಷ್ಟು ನಾಚಿಕೆಯಾಯಿತು.

ಕಾರಿನಲ್ಲಿ ಕಾಯುತ್ತಿದ್ದ ದುಭಾಷಿ ಹುಡುಗಿ ಇವನ ಭಾಷೆಯನ್ನು ಪುಸ್ತಕ ಓದಿಯೇ ಕಲಿತವಳು. ಅವಳ ಬಾಯಲ್ಲಿ ಎಲ್ಲವೂ ಅಚ್ಚಾಗಿಯೇ ಬರುತ್ತಿತ್ತು. "ಶುಭೋದಯ. ತಾವು ಉಪಾಹಾರವನ್ನು ಸ್ವೀಕರಿಸಿದಿರಾ?" ಎಂದು ದಿನವೂ ಕೇಳುವಂತೆ ಕೇಳಿದಳು. ದಿನವೂ ಇವನಿಗೆ ನಗು ಬರುತ್ತಿತ್ತು. ಇವತ್ತು, ಹೆಂಡತಿಗೆ ಹುಷಾರಿಲ್ಲ, ಇವತ್ತೇ ಊರಿಗೆ ಹೋಗಬೇಕು ಎಂದಷ್ಟೇ ಹೇಳಿದ. ಅವಳು ಕೂಡಲೇ ಫೋನಿನಲ್ಲಿ ಯಾರ ಯಾರ ಜೊತೆಗೋ ಅವಳ ಭಾಷೆಯಲ್ಲಿ ಮಾತಾಡಿದಳು. ಆಗ ಅವಳು ಬೇರೆಯೇ ಮನುಷ್ಯಳಂತೆ, ರೇಗುತ್ತ, ಅರ್ಧರ್ಧ ಮಾತು ನುಂಗುತ್ತ, ಪಕ್ಕದ ಮನೆಯ ಹುಡುಗಿಯಾಗಿ ಕಂಡಳು. ಕಡೆಗೆ ಇವನತ್ತ ತಿರುಗಿ, "ಸಾಯಂಕಾಲಕ್ಕೆ ಮುಂಚೆ ವಿಮಾನ ಇರುವುದಿಲ್ಲ. ಆಸನ ದೊರಕಿದೆ. ತಮ್ಮ ಪತ್ನಿಯವರು ಶೀಘ್ರವಾಗಿ ಗುಣಮುಖರಾಗಲಿ" ಎಂದಳು. ಮದುವೆಯ ಕಾಗದದಲ್ಲಿ, ಸಾವಿನ ಕಾಗದದಲ್ಲಿ ಮಾತ್ರ ಓದಿದ್ದ ಅಂಥ ಮಾತು ಅವನಿಗೆ ನೇರ ಎದೆಗೆ ಬಂದು ಬಡಿಯಿತು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಹೊರಗೆ ಅಂಗಡಿಗಳ ಬಾಗಿಲು ಮೇಲೇಳುತ್ತಿದ್ದವು, ಯಾರೋ ಹೊಸಿಲಿಗೆ ನೀರು ಸುರಿದು ಪೊರಕೆಯಿಂದ ತಳ್ಳುತ್ತಿದ್ದರು. ಹಲೋ, ನಾನು ಕಣೆ, ಎಂದು ಮನಸ್ಸಿನಲ್ಲೇ ಹೇಳಿ ನೋಡಿಕೊಂಡ. ನಾನು ಎನ್ನುವಷ್ಟರಲ್ಲಿ ಒಳಗೇ ಗಂಟಲು ಕಟ್ಟಿತು. ಅವಳಿಗಾದರೆ ಗಡ್ಡೆ, ನನಗೇನು ರೋಗ ಎಂದು ತನ್ನನ್ನೇ ಬೈದುಕೊಂಡ.

ಕಾರ್ಖಾನೆಯ ಬಾಗಿಲಲ್ಲಿ ಕಾವಲಿನವನು ಮೈ ತಡವಿ ಒಳಗೆ ಬಿಡುತ್ತಾನೆ. ಕುಡಿಯುವ ಪದಾರ್ಥ ತುಂಬುವ ಜಾಗವಾದ್ದರಿಂದ ಹೊರಗಿನ ತಿನಿಸು ಒಂದು ಚೂರೂ ಒಳಗೆ ಹೋಗಬಾರದು. ಅದು ಎಲ್ಲರಿಗಿಂತ ಹೆಚ್ಚಾಗಿ ಇವನಿಗೇ ಗೊತ್ತಿದ್ದ ನಿಯಮ. ಕಾವಲಿನವನ ಕೈ ಕೋಟಿನ ಜೇಬಿನ ಮೇಲೆ ನಿಂತಿತು. ಎರಡು ಬೆರಳಿನಲ್ಲಿ ಪೊಟ್ಟಣವನ್ನು ಎತ್ತಿ ಮೇಜಿನ ಮೇಲಿಟ್ಟು ಬಿಚ್ಚಿದ. ಕಾಗದ ಬೆಣ್ಣೆ ಕುಡಿದು ಕನ್ನಡಿಯಂತಾಗಿತ್ತು. ಹಿಂದೆ ಕೆಲಸದವರ ಸಾಲು. ಯಾರೋ ಏನೋ ಅಂದರು, ನಗು ಹಬ್ಬಿತು. ದುಭಾಷಿ ಹುಡುಗಿ ಕೆಂಪಾಗಿ, "ತಮ್ಮ ಜೇಬಿನಲ್ಲಿ ಆಹಾರ ಪದಾರ್ಥವಿದೆಯೆಂದು ಕಾವಲುಗಾರರು ಆಕ್ಷೇಪಿಸುತ್ತಿದ್ದಾರೆ" ಎಂದಳು.

"ತಿನ್ನೋಕಲ್ಲ ಅಂತ ಹೇಳಮ್ಮ," ಎಂದ ಫಿಟ್ಟರ್.

"ಹಾಗಾದರೆ ಏತಕ್ಕೆ ಎಂದು ಕೇಳುತ್ತಿದ್ದಾರೆ."

ಏತಕ್ಕೆ ಎಂದು ಯಾವ ಭಾಷೆಯಲ್ಲಿ ಹೇಳುವುದು? "ನೋಡ್ಕೊಂಡು ಮಾತಾಡೋಕೆ" ಎಂದ. ಅವಳು ಅದನ್ನು ಹೇಗೆ ಅನುವಾದಿಸಿದಳೋ, ಕಾವಲಿನವನು ಇವನ ಮುಖವನ್ನೊಮ್ಮೆ ನೋಡಿ, ನಗುತ್ತಿದ್ದವರಿಗೆ ಏನೋ ಗದರಿ, ಪೊಟ್ಟಣವನ್ನು ಮಡಿಸಿ, ತನ್ನ ಕೋಣೆಯ ಪಕ್ಕದಲ್ಲಿದ್ದ ಖಾಲಿ ಕ್ರೇಟುಗಳ ಶೆಡ್ಡಿನ ಕಟ್ಟೆಯ ಮೇಲಿಟ್ಟ. ಒಳಗೆ ಬೇಡ, ಬೇಕಾದಾಗ ಇಲ್ಲಿಗೆ ಬಂದು ನೋಡಿಕೊಳ್ಳಲಿ ಎಂದು ಕೈಸನ್ನೆ ಮಾಡಿದ.

ಮೆಷಿನಿನ ಮುಂದೆ ನಿಂತಾಗಲೂ ಅವನ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ಬೆಲ್ಟಿನ ಬಿಗಿ ನೋಡಿದವು, ನಟ್ಟುಗಳನ್ನು ಕೊನೆಯ ಸಲ ಮುಟ್ಟಿದವು. ಬಿಟ್ಟು ಹೋಗಲಾ, ಸಂಜೆಯವರೆಗೂ ವಿಮಾನ ನಿಲ್ದಾಣದಲ್ಲಾದರೂ ಕೂರಲಾ ಎಂದು ಒಮ್ಮೆ ಅನ್ನಿಸಿತು. ಆದರೆ ಅವಳು ಬಾಯಿ ಮುಚ್ಚಿಕೊಂಡು ಮಲಗಿದ್ದು ಈ ಮೆಷಿನಿಗಾಗಿ. ಅದು ಹೇಗೆಂದು ಯೋಚಿಸಿದಷ್ಟೂ ಅವನು ಕುಗ್ಗಿದ. ಬಹಳ ಹಿಂದೆ ತಾಯಿ ತೀರಿಕೊಂಡಾಗ ಕೆಲಸವನ್ನು ಅರ್ಧಕ್ಕೆ ಬಿಟ್ಟು ಊರಿಗೆ ಓಡಿದ್ದ. ಅಲ್ಲಿಯವರು ಅವಸರಪಟ್ಟು ಓಡಿಸಿ ಗೇರು ಮುರಿದು, ಕಂಪನಿಯಲ್ಲಿ ಎಲ್ಲರೆದುರು ಇವನು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅದನ್ನು ಅವನು ಮನೆಯಲ್ಲಿ ಎಷ್ಟು ವರ್ಷ ಹೇಳಿದ! ಮಜ್ಜಿಗೆ ಹುಳಿಯಾದರೂ ಆ ಗೇರು, ಮಗಳ ಅಂಕ ಕಡಿಮೆಯಾದರೂ ಆ ಗೇರು. ಅಮ್ಮ ಇನ್ನು ನಾಲ್ಕು ದಿನ ತಡೆದಿದ್ದರೆ ಎಂದು ಒಮ್ಮೆ ಬಾಯಿ ಜಾರಿ ಅಂದಿದ್ದ. ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡಿ ಮತ್ತೆ ತೊಳೆಯತೊಡಗಿದ್ದಳು. ಈಗ ಅವಳು ತಡೆದಿದ್ದಾಳೆ. ಇದು ನಿವೃತ್ತಿಗೆ ಮುಂಚಿನ ಕಡೆಯ ಮೆಷಿನು, ಇದೊಂದು ಚೆನ್ನಾಗಿ ಓಡಿಬಿಡಲಿ ಎಂದು ನೂರು ಸಲ ಹೇಳಿಕೊಂಡಿದ್ದವನು ಅವನೇ. ಅವನ ಮಾತನ್ನು ಅವನಿಗಿಂತ ಹೆಚ್ಚು ನಂಬಿದವಳು ಅವಳು.

ಗುಂಡಿ ಒತ್ತಿದರು. ಬಾಟಲಿಗಳು ಒಂದರ ಬೆನ್ನಿಗೆ ಒಂದು ಬಂದವು, ತುಂಬಿದವು, ಮುಚ್ಚಳ ಹಾಕಿಸಿಕೊಂಡು ಹೋದವು. ಫಿಟ್ಟರ್ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಹೀಗೆ ಕೇಳಿದರೆ ಅವನಿಗೆ ಎಲ್ಲ ತಿಳಿಯುತ್ತದೆ. ಇನ್ನು ಆರು ತಿಂಗಳಿಗೆ ಸವೆಯುವ ಬೇರಿಂಗನ್ನು ಇವತ್ತೇ ಹೇಳುತ್ತಾನೆ ಎಂದು ಕಂಪನಿಯಲ್ಲಿ ಹೆಸರು. ಒಂದು ಅಪಸ್ವರವೂ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಮಾತ್ರ ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆಯದೆ ಹಾಗೇ ಬಗ್ಗಿ ನಿಂತಿದ್ದ. ಕಬ್ಬಿಣದ ಸಂಕಟ ಕೇಳಿಸುವ ಈ ಕಿವಿಗೆ ಖಾಲಿ ಲೋಟ ಕೇಳಿಸಲಿಲ್ಲ. ಕೇಳಿಸಿತ್ತು, ಅದೇ ಅವನನ್ನು ಸುಡುತ್ತಿದ್ದುದು. ಕೇಳಿಸಿತ್ತು, ಬಟ್ಟಲು ಬದಲಾಯಿಸಿದೆಯಾ ಎಂದೂ ಕೇಳಿದ್ದ. ಮೆಷಿನಾಗಿದ್ದರೆ ಆ ಉತ್ತರಕ್ಕೆ ಒಪ್ಪುತ್ತಿರಲಿಲ್ಲ, ನಿಲ್ಲಿಸಿ ಬಿಚ್ಚಿ ನೋಡುತ್ತಿದ್ದ.

ಜೇಬಿನಲ್ಲಿ ಫೋನ್ ನಡುಗಿತು. ಸದ್ದಿನಲ್ಲಿ ಮಗಳ ಮಾತು ಪೂರ್ತಿ ಕೇಳಿಸಲಿಲ್ಲ. "ಇನ್ನು ತಡ ಮಾಡ್ಬೇಡಿ" ಎಂಬುದು ಕೇಳಿಸಿತು. ಅವನು ಯಾರಿಗೂ ಹೇಳದೆ ಓಡಿದ. ಬಾಗಿಲಾಚೆ, ಖಾಲಿ ಕ್ರೇಟುಗಳ ಶೆಡ್ಡಿನಲ್ಲಿ ನೆರಳು, ಮೌನ. ಕಟ್ಟೆಯ ಮೇಲೆ ಪೊಟ್ಟಣ ಇಟ್ಟಲ್ಲೇ ಇತ್ತು. ಬಿಚ್ಚಿದ. ತಣ್ಣಗಾಗಿ, ಜೇಬಿನಲ್ಲಿ ಅಪ್ಪಚ್ಚಿಯಾಗಿ, ಒಂದು ಮಗ್ಗುಲು ಹರಿದುಹೋಗಿತ್ತು.

"ಅಮ್ಮನ ಕಿವಿ ಹತ್ರ ಇಟ್ಟಿದೀನಿ ಅಪ್ಪ," ಎಂದಳು ಮಗಳು. ಆಮೇಲೆ ಉಸಿರಿನ ಸದ್ದು, ಹೊಸಿಲಿಗೆ ಚಾಪೆ ಎಳೆದಂತೆ. ಇವನು ಕಣ್ಣು ಮುಚ್ಚಿಕೊಂಡ.

"ಹಲೋ, ನಾನು ಕಣೆ. ಲೈನೇ ಸಿಗಲಿಲ್ಲ ನೋಡು ಬೆಳಿಗ್ಗೆಯಿಂದ, ಹಾಳಾದ್ದು." ದನಿ ಗಟ್ಟಿಯಾಗಿ ನಿಂತಿತು, ಬೀಳಲಿಲ್ಲ. "ಮೆಷಿನ್ ಓಡ್ತು. ಬೆಣ್ಣೆ ಥರ ಓಡ್ತಿದೆ. ಚಪ್ಪಾಳೆ ಹೊಡೆದ್ರು ಎಲ್ಲ. ಸರಿ, ಒಲೆ ಹಚ್ಚಿದೀಯಾ?"

ಏನೂ ಇಲ್ಲ. ಆಮೇಲೆ ಚಮಚ ಲೋಟಕ್ಕೆ ತಗಲಿದ ಸದ್ದು. ಮಗಳು ಶುರು ಮಾಡಿದಳು ಎಂದುಕೊಂಡ. ಒಂದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಮೂರು. ನಾಲ್ಕು. ಆಮೇಲೆ ನಿಂತಿತು. ನಿಂತದ್ದು ಸೋತು ಅಲ್ಲ. ಆ ನಿಲುಗಡೆ ಅವನಿಗೆ ಗೊತ್ತು. ಕೈ ಸೊರಗಿ ಬಳೆಗಳು ತಾವೇ ಜಾರಿಬಿದ್ದಿರಬೇಕು, ಇಲ್ಲವೇ ಆಸ್ಪತ್ರೆಯವರು ತೆಗೆಸಿರಬೇಕು. ಆದರೂ ಇಲ್ಲದ ಬಳೆಯನ್ನು ಮೇಲಕ್ಕೆ ತಳ್ಳುವಷ್ಟು ಹೊತ್ತು ಆ ಚಮಚ ನಿಂತು, ಮತ್ತೆ ಶುರುವಾಯಿತು. ಅದು ಮಗಳ ಕೈಯಲ್ಲ. ಫಿಟ್ಟರ್ ಕ್ರೇಟಿನ ಮೇಲೆ ಕೂತುಬಿಟ್ಟ. ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ಬಾಯಿಗೆ ಬಂತು, ಅವನು ಒರೆಸಲಿಲ್ಲ. ಒರೆಸಿದರೆ ಫೋನಿಗೆ ಸದ್ದು ಹೋಗುತ್ತದೆ.

"ಇವತ್ತು ಬೆಣ್ಣೆ ಸ್ವಲ್ಪ ಜಾಸ್ತಿನೇ ಸವರಿದಾನೆ," ಎಂದು ತಣ್ಣಗಿನ ಆಮ್ಲೆಟ್ಟನ್ನು ನೋಡುತ್ತ ಹೇಳಿದ. "ಮೂರು ಮಡಿಕೆ. ಅಂಚು ತೆಳ್ಳಗಿದೆ, ಗ್ಯಾಸ್ಕೆಟ್ ಅಲ್ಲ, ಹಳೇ ಸೀರೆ ಅಂಚಿನ ಹಾಗೆ ಅನ್ಕೋ. ಬಿಸಿ ಇದೆ ಇನ್ನೂ, ಹೊಗೆ ಬರ್ತಿದೆ. ಮೆಣಸು ಕಡಿಮೆ ಹಾಕು, ನಿನಗೆ ಕೆಮ್ಮು ಬರತ್ತೆ." ಚಮಚ ನಡೆಯುತ್ತಿತ್ತು. ಅದು ನಡೆಯಲಿ ಎಂದು ಅವನು ಮಾತು ನಿಲ್ಲಿಸಲಿಲ್ಲ. ಈರುಳ್ಳಿ ಎಷ್ಟು ಸಣ್ಣಗೆ ಹೆಚ್ಚಿದ್ದಾರೆ ಎಂದು ಹೇಳಿದ, ಇಲ್ಲದ ಈರುಳ್ಳಿ. ಸಕ್ಕರೆ ಹಾಕಿದ ಊರನ್ನು ನೆನಪಿಸಿದ, ಮೇಲೆ ಇಸ್ತ್ರಿ ಒಳಗೆ ಒದ್ದೆ ಎಂದು ಅವಳ ಮಾತನ್ನೇ ಅವಳಿಗೆ ಹೇಳಿದ. ಎಲ್ಲಾದರೂ ಇರಲಿ, ನೀನು ಮಾಡಿದ್ದೇ ಚೆನ್ನ, ಇಷ್ಟು ವರ್ಷದಲ್ಲಿ ನಾನು ಹೇಳಿಲ್ಲ ಎಂದ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಅದು ತುಟಿಯ ಮೇಲಿನ ಕಣ್ಣೀರಿನ ಜೊತೆ ಒಳಗೆ ಹೋಯಿತು.

"ನನ್ನದರಲ್ಲೂ ಇವತ್ತು ಉಪ್ಪು ಸ್ವಲ್ಪ ಜಾಸ್ತಿ ಆಗಿದೆ ಕಣೆ," ಎಂದ. "ಪರವಾಗಿಲ್ಲ. ತಿನ್ನಬಹುದು."

ಚಮಚ ನಿಧಾನವಾಯಿತು. ಕಲಕಿ ಆಯಿತು ಎಂದರ್ಥ. ಇನ್ನು ಅಂಚಿಗೆ ಎರಡು ಸಲ ತಟ್ಟುತ್ತಾಳೆ, ಆಮೇಲೆ ಬಾಣಲೆ. ಫಿಟ್ಟರ್ ಉಸಿರು ಬಿಗಿಹಿಡಿದು ಫೋನನ್ನು ಕಿವಿಗೆ ಒತ್ತಿಕೊಂಡ.

ಟಕ್.

ಅವನು ಇನ್ನೊಂದಕ್ಕೆ ಕಾಯುತ್ತ ಕೂತ. ಬಹಳ ಹೊತ್ತಾದ ಮೇಲೆ, ಇನ್ನು ಹುಯ್ಯಿ, ಬಾಣಲೆ ಕಾದಿದೆ ಎಂದ. ಅತ್ತ ಕಡೆಯಿಂದ ಮಗಳು ಚುಂಯ್ ಎನ್ನಲು ಹೋಗಿ, ಆಗದೆ, ಅಳತೊಡಗಿದಳು.